ಎಂಜೈಮ್ ಪೈಪು ಆಮೇಲೆ, ಮೊದ್ಲು ಫಿಸ್ಟುಲಾ ಬಗ್ಗೆ ಹೇಳಿ

ಸಂಪಾದಕರಿಗೆ ನಮಸ್ಕಾರ,

ಡಯಾಲಿಸಿಸ್ ರೋಗಿಗಳ ಕುತ್ತಿಗೆಯ ರಕ್ತನಾಳಕ್ಕೆ ಹಾಕೋ ಪೈಪಿಗೆ, ಅಂದ್ರೆ ಕ್ಯಾಥೆಟರಿಗೆ, ರಕ್ತ ಹೆಪ್ಪುಗಟ್ಟದ ಹಾಗೆ ಎಂಜೈಮ್ ಲೇಪ ಕೊಡೋ ಸುದ್ದಿ ಓದಿದ್ರೆ ಏನೋ ಈಗಷ್ಟೇ ಹುಟ್ಟಿದ ಮ್ಯಾಜಿಕ್ ಅನ್ಸುತ್ತೆ, ಆದ್ರೆ ಜಪಾನಿನವರು 1980ರ ದಶಕದಲ್ಲೇ ಯುರೋಕೈನೇಸ್ ಅನ್ನೋ ಎಂಜೈಮನ್ನ ಕ್ಯಾಥೆಟರಿಗೆ ಅಂಟಿಸಿ ರೋಗಿಗಳಿಗೆ ಹಾಕಿದ್ರು. (ಇದು ಮೊದ್ಲು ಸಿಕ್ಕಿದ್ದು ಮನುಷ್ಯರ ಮೂತ್ರದಲ್ಲಿ, ನಗಬೇಡಿ.) ಅದು ರಕ್ತದಲ್ಲಿರೋ ಪ್ಲಾಸ್ಮಿನೋಜೆನನ್ನ ಪ್ಲಾಸ್ಮಿನ್ ಮಾಡುತ್ತೆ, ಪ್ಲಾಸ್ಮಿನ್ ಹೋಗಿ ಹೆಪ್ಪಿನೊಳಗಿನ ಫೈಬ್ರಿನ್ ಎಳೆಗಳನ್ನ ತುಂಡು ಮಾಡುತ್ತೆ. ಡಯಾಲಿಸಿಸ್ ಮುಗಿದ್ಮೇಲೆ ಪೈಪೊಳಗೆ ತುಂಬಿಡೋ ಹೆಪಾರಿನ್ ಅನ್ನೋ ಔಷಧಿ ಹಂಗಲ್ಲ, ಅದು ಹೊಸದಾಗಿ ಹೆಪ್ಪುಗಟ್ಟೋದನ್ನ ತಡೆಯುತ್ತೆ ಅಷ್ಟೇ, ಗಟ್ಟಿಯಾಗಿರೋದನ್ನ ಕರಗಿಸಲ್ಲ. ಆದ್ರೆ ಅಂಟಿಸಿದ ಎಂಜೈಮು ಜಾಸ್ತಿ ದಿನ ಬಾಳಲ್ಲ, ರಕ್ತದ ಪ್ರೋಟೀನುಗಳು ಅದರ ಮೇಲೆ ಕೂತ್ಬಿಡ್ತವೆ, ಪವರ್ ಇಳಿಯುತ್ತೆ, ತಿಂಗಳುಗಟ್ಟಲೆ ಕುತ್ತಿಗೇಲಿ ಇರೋ ಪೈಪಿಗೆ ಇದು ಸಾಲದು.

ಇದನ್ನೆಲ್ಲ ಯಾಕೆ ಓದ್ಕೊಂಡೆ ಅಂದ್ರೆ ಕಳೆದ ಮಳೆಗಾಲ ನಮ್ಮ ತಂದೆಯವರ ಡಯಾಲಿಸಿಸ್ ಪೈಪು ಬ್ಲಾಕ್ ಆಯ್ತು. ಸಿಸ್ಟರ್ ಸಿರಿಂಜ್ ಹಾಕಿ ಎಳೀತಾರೆ, ಒಂದು ಹನಿ ರಕ್ತ ಬರಲ್ಲ, ಸಲೈನ್ ತಳ್ಳಿದ್ರೆ ಒಳಗೆ ಹೋಗಲ್ಲ. ಹೆಪ್ಪು ಕರಗಿಸೋ ಇಂಜೆಕ್ಷನ್ ಇಲ್ಲಿ ಸ್ಟಾಕ್ ಇಲ್ಲ ಮೈಸೂರಿಗೆ ಹೋಗಿ ಅಂದ್ರು, ದಾರೀಲಿ ತಿತಿಮತಿ ಹತ್ರ ನೋಡಿದ್ರೆ ಮರ ಬಿದ್ದು ರೋಡ್ ಬಂದ್, ಹಿಂದಿನ ಸೀಟಲ್ಲಿ ಅಪ್ಪಂಗೆ ಉಸಿರಾಡೋಕೇ ಕಷ್ಟ, ಮುಂದೆ ಲಾರಿ ಹಿಂದೆ ಬಸ್ಸು.

ಕೊನೆಗೆ ಮೈಸೂರು ತಲುಪಿದಾಗ ಅಲ್ಲಿನ ಡಾಕ್ಟ್ರು ಮೊದ್ಲು ಕೇಳಿದ್ದೇ ಕೈಗೆ ಫಿಸ್ಟುಲಾ ಯಾಕೆ ಮಾಡಿಸಿಲ್ಲ ಅಂತ. ನಮ್ಗೆ ಯಾರೂ ಹೇಳೇ ಇರ್ಲಿಲ್ಲ. ಫಿಸ್ಟುಲಾ ಅಂದ್ರೆ ಕೈಯಲ್ಲಿ ನಮ್ಮದೇ ಅಪಧಮನಿ, ಅಭಿಧಮನಿ ಸೇರಿಸಿ ಹೊಲಿಯೋದು. ವಿಜ್ಞಾನಿಗಳು ಪ್ಲಾಸ್ಟಿಕ್ಕಿಗೆ ಹಚ್ಚೋಕೆ ಒದ್ದಾಡ್ತಿರೋ ಲೇಪ ನಮ್ಮ ರಕ್ತನಾಳದ ಒಳಗೋಡೆಯಲ್ಲಿ ಮೊದ್ಲೇ ಇದೆ, ಅಲ್ಲಿನ ಜೀವಕೋಶಗಳು ಟಿ-ಪಿಎ ಅನ್ನೋ ಹೆಪ್ಪು ಕರಗಿಸೋ ಎಂಜೈಮನ್ನ ತಾವೇ ತಯಾರಿಸ್ತಾನೇ ಇರ್ತವೆ. ಫಿಸ್ಟುಲಾನೂ ಬ್ಲಾಕ್ ಆಗ್ಬಹುದು, ಇಲ್ಲ ಅಂತಲ್ಲ, ಆದ್ರೆ ಪೈಪಿಗಿಂತ ಎಷ್ಟೋ ವಾಸಿ, ಇನ್ಫೆಕ್ಷನ್ನೂ ಕಮ್ಮಿ. ಒಂದೇ ವಿಷ್ಯ, ಅದು ಬಲಿತು ಸೂಜಿ ಚುಚ್ಚೋ ಹದಕ್ಕೆ ಬರೋಕೆ ಒಂದೂವರೆ ತಿಂಗಳಿಂದ ಮೂರು ತಿಂಗಳು ಬೇಕು, ಹಂಗಾಗಿ ಕಿಡ್ನಿ ಕೈಕೊಡ್ತಿದೆ ಅಂತ ಗೊತ್ತಾದ ಕೂಡ್ಲೇ ಹೇಳ್ಬೇಕು, ಫಿಸ್ಟುಲಾ ಮಾಡೋ ಕೈಯಿಂದ ಬ್ಲಡ್ ಟೆಸ್ಟಿಗೆ ರಕ್ತ ತೆಗೀಬೇಡಿ ಅಂತಾನೂ ಹೇಳ್ಬೇಕು.

ಆರೋಗ್ಯ ಇಲಾಖೆಯವರು ಮೇ ತಿಂಗಳೊಳಗೆ ಫಿಸ್ಟುಲಾ ಮಾಡೋ ಸರ್ಜನ್ ಒಬ್ರನ್ನ ಮಡಿಕೇರಿಗೆ ಕರ್ಸಿ ಕ್ಯಾಂಪ್ ಮಾಡ್ಲಿ, ಕೊಡಗು ಜಿಲ್ಲೆಯ ಪ್ರತಿ ಡಯಾಲಿಸಿಸ್ ಸೆಂಟರಿನ ಫ್ರಿಜ್ಜಲ್ಲಿ ಆ ಹೆಪ್ಪು ಕರಗಿಸೋ ಇಂಜೆಕ್ಷನ್ ಇಡ್ಲಿ. ಜೂನ್ ಬಂದ್ಮೇಲೆ ಮೀಟಿಂಗ್ ಮಾಡಿದ್ರೆ ಪ್ರಯೋಜನ ಇಲ್ಲ.

– ಒಬ್ಬ ಓದುಗ, ಗೋಣಿಕೊಪ್ಪಲು