ಕುದುರೆಗೆ ಬದಲಿ ರಕ್ತ: ಅಷ್ಟು ಸುಲಭ ಅಲ್ಲ

ಸಂಪಾದಕರೇ,

ರಕ್ತಹೀನತೆ ಇರುವ ಕುದುರೆಗೆ ಬದಲಿ ರಕ್ತ ಕೊಟ್ಟರೆ ಮುಗೀತು ಅನ್ನೋರು ಜಾಸ್ತಿ ಆಗಿದ್ದಾರೆ. ಹಸುವಿನ ಹಿಮೋಗ್ಲೋಬಿನ್‌ನಿಂದ (ರಕ್ತದಲ್ಲಿ ಆಮ್ಲಜನಕ ಹೊರುವ ಪದಾರ್ಥ) ಮಾಡಿದ ಆಕ್ಸಿಗ್ಲೋಬಿನ್ ಅನ್ನೋ ಬದಲಿ ರಕ್ತಕ್ಕೆ 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು ನಾಯಿಗಳಿಗೆ, ಕುದುರೆಗಲ್ಲ. ಅದರಲ್ಲಿ ಕೆಂಪು ಕಣಗಳೇ ಇಲ್ಲ, ಹಾಗಾಗಿ ರಕ್ತದ ಗುಂಪು ಹೊಂದಿಸುವ ತಲೆನೋವಿಲ್ಲ, ಹೊಂದುವ ದಾನಿ ಕುದುರೆ ಸಿಗುವ ತನಕ ಆಮ್ಲಜನಕ ಸಾಗಿಸಿ ಜೀವ ಹಿಡಿದಿಡಬಹುದು ಅನ್ನೋದು ನಿಜ. ಆದರೆ 500 ಕೆ.ಜಿ. ಕುದುರೆಯ ಮೈಯಲ್ಲಿ ಸುಮಾರು 40 ಲೀಟರ್ ರಕ್ತ ಇರುತ್ತದೆ. ಈ ಬದಲಿ ರಕ್ತದ ಪುಟ್ಟ ಚೀಲಗಳು ಯಾವ ಮೂಲೆಗೆ? ಅದೂ ಮೈಯಲ್ಲಿ ಕೆಲವೇ ದಿನ ಉಳಿಯುತ್ತದೆ. ಹುಳು, ಹುಣ್ಣು, ಸೋಂಕು ಅಂತ ಮೂಲ ಕಾರಣ ಹುಡುಕದೆ ಸುಮ್ನೆ ಚೀಲ ನೇತುಹಾಕಿದರೆ ಆಯ್ತಾ? ಇದನ್ನು ಕೊಟ್ಟ ಮೇಲೆ ಒಸಡು, ಮೂತ್ರದ ಬಣ್ಣ ಬೇರೆ ಬದಲಾಗುತ್ತದೆ, ಕೆಲವು ರಕ್ತಪರೀಕ್ಷೆಗಳೂ ದಾರಿ ತಪ್ಪಿಸುತ್ತವೆ. ಪರೀಕ್ಷೆಗೆ ರಕ್ತವನ್ನು ಇದನ್ನು ಕೊಡುವ ಮೊದಲೇ ತೆಗೆದಿಡಿ ಅಂತ ವೈದ್ಯರನ್ನು ಕೇಳಿ.

- ಒಬ್ಬ ಓದುಗ