ಓಢಣಿ ಹೊದಿಸಿದ ತಂಗಿಗೆ, ಮತ್ತೆ ಉಳಿದವರಿಗೆ

ನನಗೆ ಕೊನೆಯ ಸಲ ಫಿಟ್ಸ್ ಬಂದಿದ್ದು 2024ರ ಶಿವರಾತ್ರಿಗೆ. ಈ ಶಿವರಾತ್ರಿಗೆ ಎರಡು ವರ್ಷ ತುಂಬಿತು. ನಡುವೆ ಒಂದು ಸಲವೂ ಬಂದಿಲ್ಲ. ದೊಡ್ಡದೂ ಇಲ್ಲ, ಸಣ್ಣದೂ ಇಲ್ಲ. ಕೆಲವರಿಗೆ ಎಲ್ಲರ ಮುಂದೆ ಥ್ಯಾಂಕ್ಸ್ ಹೇಳಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಅವರಲ್ಲಿ ಒಬ್ಬಳ ಹೆಸರು, ಊರು ಏನೂ ನನಗೆ ಗೊತ್ತಿಲ್ಲ. ಅವಳನ್ನು ಮುಟ್ಟಲು ಇದೊಂದೇ ದಾರಿ.

ನಾನು ವಿಜಯಪುರದವಳು. ನಾವು ಐದು ಜನ ಹೆಂಗಸರು ಸೇರಿ ಖಡಕ್ ರೊಟ್ಟಿ ಮಾಡಿ ಮಾರುತ್ತೇವೆ. ಮದುವೆ, ಜಾತ್ರೆ ಬಂದರೆ ದಿನಕ್ಕೆ ಸಾವಿರದ ಮೇಲೆ ರೊಟ್ಟಿ ಹೋಗುತ್ತವೆ.

2021ರ ಡಿಸೆಂಬರ್‌ನಲ್ಲಿ ಬಸವನ ಬಾಗೇವಾಡಿಗೆ ಹೋಗಿ ಬರುತ್ತಿದ್ದೆವು. ಗಾಡಿ ನಮ್ಮವರು ಓಡಿಸುತ್ತಿದ್ದರು. ಅವರ ತಲೆಗೆ ಹೆಲ್ಮೆಟ್ ಇತ್ತು, ನನ್ನ ತಲೆಗೆ ಸೆರಗು ಇತ್ತು. ಸಂಜೆ ಹೊತ್ತು, ರಸ್ತೆಯ ಉಬ್ಬು ಕಾಣಲಿಲ್ಲ. ನಾನು ಹಿಂದಕ್ಕೆ ಬಿದ್ದೆ. ತಲೆಯ ಹಿಂಭಾಗ ನೆಲಕ್ಕೆ ಬಡಿಯಿತು. ಸ್ಕ್ಯಾನ್‌ನಲ್ಲಿ ಮಿದುಳಿನ ಒಳಗೆ ಸ್ವಲ್ಪ ರಕ್ತ ಕಂಡಿತು. ಆಪರೇಷನ್ ಬೇಕಾಗಲಿಲ್ಲ. ಎಂಟು ದಿನಕ್ಕೆ ಮನೆಗೆ ಬಂದೆ. ಹೊಲಿಗೆ ಬಿಚ್ಚಿದರು, ಕೂದಲು ಬೆಳೆಯಿತು. ಎಲ್ಲರ ಕಣ್ಣಿಗೆ ನಾನು ಹುಷಾರಾಗಿದ್ದೆ.

ಆದರೆ ಒಳಗೆ ಬೇರೆಯೇ ನಡೆದಿತ್ತು. ಮೊದಲು ಹೋಗಿದ್ದು ವಾಸನೆ. ರೊಟ್ಟಿ ಮಾಡುವವಳಿಗೆ ಮೂಗೇ ಗಡಿಯಾರ. ರೊಟ್ಟಿ ಬೆಂದಿತಾ, ಹೊತ್ತಿತಾ ಅಂತ ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತದೆ. ನನಗೆ ಹಸಿ ಹಿಟ್ಟಿನ ವಾಸನೆಯೂ ಇಲ್ಲ, ಹೊತ್ತಿದ ವಾಸನೆಯೂ ಇಲ್ಲ. ಆಮೇಲೆ ಲೆಕ್ಕ ತಪ್ಪತೊಡಗಿತು. ಐವತ್ತು ರೊಟ್ಟಿಯ ಕಟ್ಟು ಎಣಿಸಲು ಮೂರು ಸಲ ಶುರು ಮಾಡುತ್ತಿದ್ದೆ. ಮಧ್ಯಾಹ್ನ ಆಗುವಷ್ಟರಲ್ಲಿ ಹೊಲದ ಕೆಲಸ ಮಾಡಿ ಬಂದವಳ ಹಾಗೆ ಸುಸ್ತು. ಸಿಟ್ಟಂತೂ ಕೇಳಲೇಬೇಡಿ. ಗಿರಾಕಿ ಒಬ್ಬರು ಉಪ್ಪು ಜಾಸ್ತಿ ಅಂದಿದ್ದಕ್ಕೆ ಕಾದ ಹಂಚಿನ ಮೇಲೆ ಒಂದು ತಂಬಿಗೆ ನೀರು ಸುರಿದು ಎದ್ದು ಹೋಗಿದ್ದೆ. ಹಂಚು ಸೀಳಿತು. ಬಿದ್ದು ಎದ್ದ ಮೇಲೆ ಇವಳಿಗೆ ಸೊಕ್ಕು ಬಂದಿದೆ ಅಂತ ಓಣಿಯಲ್ಲಿ ಮಾತಾಯಿತು.

ನಮ್ಮ ಅತ್ತೆ ಮಾತ್ರ ಹಾಗೆ ಅನ್ನಲಿಲ್ಲ. "ನನ್ನ ಸೊಸಿ ಗುಣ ಹಿಂಗ ಇರಲಿಲ್ಲ. ಪೆಟ್ಟು ಬಿದ್ದ ಮ್ಯಾಲ ಹಿಂಗ ಆಗ್ಯಾಳ" ಅಂದರು. ಬಂದವರಿಗೆಲ್ಲ ಅದನ್ನೇ ಹೇಳಿದರು. ಶಾಲೆ ಮೆಟ್ಟಿಲು ಹತ್ತದ ನಮ್ಮ ಅತ್ತೆಗೆ ಎಲ್ಲರಿಗಿಂತ ಮೊದಲು ಅರ್ಥ ಆಗಿತ್ತು. ಅತ್ತೀ, ನಿಮ್ಮ ಮೇಲೂ ಕೂಗಾಡಿದ್ದೇನೆ. ನೀವು ಒಂದು ದಿನವೂ ಅದನ್ನು ತಿರುಗಿ ಆಡಲಿಲ್ಲ. ನಿಮ್ಮ ಕಾಲಿಗೆ ಬೀಳುತ್ತೇನೆ.

2022ರ ಆಗಸ್ಟ್. ಮಗಳ ಜೊತೆ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಹೊಟ್ಟೆಯಿಂದ ಏನೋ ಎದೆಗೆ ಏರಿ ಬಂದ ಹಾಗಾಯಿತು. ಅಷ್ಟೇ ನೆನಪು. ಉಳಿದಿದ್ದೆಲ್ಲ ಮಗಳು ಹೇಳಿದ್ದು. ಅವಳಿಗೆ ಆಗ ಹನ್ನೆರಡು ವರ್ಷ.

ನಾನು ಬಿದ್ದೆನಂತೆ. ಕೈಕಾಲು ಬಡಿಯತೊಡಗಿದವಂತೆ. ಜನ ಸುತ್ತುವರಿದರು. ಒಬ್ಬರು ಕೈಯಲ್ಲಿ ಕಬ್ಬಿಣ ಕೊಡಿ ಅಂದರು, ಇನ್ನೊಬ್ಬರು ಚಪ್ಪಲಿ ಮೂಸಿಸಿ ಅಂದರು. ಯಾರೋ ಉಳ್ಳಾಗಡ್ಡಿ ತರಲು ಓಡಿದರು. ಒಬ್ಬರು ಹಲ್ಲಿನ ನಡುವೆ ಚಮಚ ತುರುಕಲು ಬಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಎಲ್ಲರಿಗೂ ನಾನು ಉಳಿಯಬೇಕಿತ್ತು, ಹೇಗೆ ಅಂತ ಗೊತ್ತಿರಲಿಲ್ಲ.

ಆಗ ನೀನು ಬಂದೆ ತಂಗಿ. ಮಗಳ ಪ್ರಕಾರ ಬಿಳಿ ಯೂನಿಫಾರ್ಮ್, ಹೆಗಲಿಗೆ ಬ್ಯಾಗು. ನರ್ಸಿಂಗ್ ಓದುವವಳು ಇರಬೇಕು. "ಬಾಯಾಗ ಏನೂ ಹಾಕಬ್ಯಾಡ್ರಿ, ಕೈಕಾಲು ಒತ್ತಿ ಹಿಡೀಬ್ಯಾಡ್ರಿ" ಅಂತ ಜೋರಾಗಿ ಹೇಳಿದೆಯಂತೆ. ನಾಲಿಗೆ ನುಂಗಿಬಿಡುತ್ತಾರೆ ಅನ್ನುವುದು ಸುಳ್ಳು, ಚಮಚ ಹಾಕಿದರೆ ಹಲ್ಲು ಮುರಿಯುತ್ತದೆ, ಉಸಿರು ಕಟ್ಟುತ್ತದೆ ಅಂತ ವಿವರಿಸಿದೆಯಂತೆ. ಬ್ಯಾಗಿನಿಂದ ಸ್ವೆಟರ್ ತೆಗೆದು ತಲೆಯ ಕೆಳಗೆ ಇಟ್ಟೆ. ಕುತ್ತಿಗೆ ಹತ್ತಿರದ ಗುಂಡಿ ಬಿಚ್ಚಿದೆ. ಬಡಿತ ಕಡಿಮೆ ಆಗುತ್ತಿದ್ದಂತೆ ಮಗ್ಗುಲಿಗೆ ಹೊರಳಿಸಿದೆ, ಬಾಯಿಯ ನೊರೆ ಹೊರಗೆ ಹೋಗಲಿ ಅಂತ. ನೀರು ಕುಡಿಸಲು ಬಿಡಲಿಲ್ಲ. ವಾಚ್ ನೋಡುತ್ತಾ ಕೂತೆ. ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಬೇಕು ಅಂತ ಮಗಳ ಕೈಗೆ ಮೊಬೈಲ್ ಕೊಟ್ಟೆ. ಸುಮ್ನೆ ಅಳುತ್ತಾ ನಿಂತಿದ್ದ ಹುಡುಗಿಗೆ ಒಂದು ಕೆಲಸ ಕೊಟ್ಟೆ. ಅದೇ ಅವಳನ್ನು ಉಳಿಸಿತು. ಎರಡು ನಿಮಿಷಕ್ಕೆ ನಿಂತಿತಂತೆ.

ನನ್ನ ಸೀರೆ ಒದ್ದೆಯಾಗಿತ್ತು. ಫಿಟ್ಸ್ ಬಂದಾಗ ಕೆಲವರಿಗೆ ಮೂತ್ರ ಹೋಗುತ್ತದೆ. ನೀನು ನಿನ್ನ ಓಢಣಿ ತೆಗೆದು ನನ್ನ ಸೊಂಟದಿಂದ ಕೆಳಗೆ ಹೊದಿಸಿದೆ. ನಮ್ಮವರು ಬರುವ ತನಕ ಅಲ್ಲೇ ಕೂತಿದ್ದು, ಓಢಣಿ ಬಿಟ್ಟು ಹೋದೆ. ನನಗೆ ಎಚ್ಚರ ಆಗುವಾಗ ತಲೆ ಒಡೆಯುತ್ತಿತ್ತು, ನಾಲಿಗೆ ಕಡಿದುಕೊಂಡಿದ್ದೆ, ಎಲ್ಲಿದ್ದೇನೆ ಗೊತ್ತಿರಲಿಲ್ಲ. ಆದರೆ ನಾಚಿಕೆ ಪಡುವ ಹಾಗೆ ಏನೂ ಇರಲಿಲ್ಲ. ಅದು ನಿನ್ನಿಂದ.

ಅವತ್ತು ತೋರಿಸಿದ ಕಡೆ ಇಇಜಿ ಮಾಡಿದರು. ತಲೆಗೆ ವೈರು ಅಂಟಿಸಿ ಮಿದುಳಿನ ಕರೆಂಟು ನೋಡುವ ಪರೀಕ್ಷೆ. ಸರಿಯಾಗಿದೆ, ನಿಶ್ಶಕ್ತಿ ಅಂತ ಟಾನಿಕ್ ಬರೆದರು. ಎಂಟು ತಿಂಗಳ ಹಿಂದೆ ಬಿದ್ದಿದ್ದನ್ನು ಅವರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇರಬಹುದು ಅಂತ ನಮಗೆ ಹೊಳೆಯಲೇ ಇಲ್ಲ.

ಸಂಬಂಧ ಹಿಡಿದಿದ್ದು ನನ್ನ ಪಕ್ಕದ ಒಲೆಯ ಅಕ್ಕ. ರೊಟ್ಟಿ ಬಡಿಯುವಾಗ ನನ್ನ ಕೈ ಗಕ್ಕನೆ ನಿಲ್ಲುತ್ತಿತ್ತಂತೆ. ಕಣ್ಣು ಒಂದೇ ಕಡೆ. ತುಟಿ ಚಪ್ಪರಿಸುತ್ತಾ, ಬೆರಳಲ್ಲಿ ಸೆರಗು ಕಿತ್ತುತ್ತಾ ಒಂದು ನಿಮಿಷ ಕೂರುತ್ತಿದ್ದೆನಂತೆ. ಹಂಚಿನ ಮೇಲೆ ರೊಟ್ಟಿ ಕರಿ ಆಗುತ್ತಿತ್ತು. ಉಳಿದವರು ಇವಳಿಗೆ ಕೆಲಸದ ಮೇಲೆ ಮನಸ್ಸಿಲ್ಲ ಅಂದುಕೊಂಡರು. ಅಕ್ಕ ಹೇಳಿದ್ದು ಬೇರೆ: "ಇಕಿ ಸುಮ್ಮ ಕುಂತಿಲ್ಲ. ಇಕಿಗೆ ಏನೋ ಆಗಾಕತ್ತೈತಿ." ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡಳು. ಬೇರೆ ನರರೋಗ ಡಾಕ್ಟರ ಹತ್ತಿರ ಹೋದಾಗ ಅವರು ಫೈಲು ಬದಿಗಿಟ್ಟು ಆ ವಿಡಿಯೋ ಮೂರು ಸಲ ನೋಡಿದರು. ಇದೂ ಫಿಟ್ಸ್ ಅಂದರು.

ಆ ಡಾಕ್ಟರಿಗೆ ನನ್ನ ನಮಸ್ಕಾರ. ನನಗೆ ತಿಳಿಯುವ ಹಾಗೆ ಹೇಳಿದ ಮೊದಲನೆಯವರು ಅವರು. ತುಂಬಿದ ಕೊಡ ಹಿಡಿದು ಓಡುವಾಗ ಗಕ್ಕನೆ ನಿಂತರೆ ನೀರು ಚೆಲ್ಲುತ್ತದೆ ಅಲ್ವಾ, ಹಾಗೆ ತಲೆಯ ಹಿಂದೆ ಪೆಟ್ಟು ಬಿದ್ದಾಗ ಮಿದುಳು ಓಲಾಡಿ ಮುಂದಿನ ಎಲುಬಿಗೆ ಬಡಿದಿದೆ ಅಂದರು. ಸಿಟ್ಟು ತಡೆಯುವ, ಕೆಲಸ ಹೊಂದಿಸುವ ಜಾಗ ಹಣೆಯ ಹಿಂದೆ ಇದೆ. ನೆನಪಿನ ಜಾಗ ಕಿವಿಯ ಹತ್ತಿರ. ಮೂಗಿನಿಂದ ಮಿದುಳಿಗೆ ಹೋಗುವ ಎಳೆಗಳು ಬಹಳ ನವಿರು, ಆ ಓಲಾಟಕ್ಕೆ ಹರಿಯುತ್ತವೆ. ಗಾಯ ಮಾಯ್ದರೂ ಕಲೆ ಉಳಿಯುತ್ತದೆ, ಅಲ್ಲಿಂದ ಕರೆಂಟು ಒಮ್ಮೆಲೇ ಹರಿಯುತ್ತದೆ. ಅದು ಅಲ್ಲೇ ಇದ್ದರೆ ನಾನು ಕಲ್ಲಿನ ಹಾಗೆ ಕೂರುತ್ತೇನೆ, ಇಡೀ ಮಿದುಳಿಗೆ ಹರಡಿದರೆ ಬೀಳುತ್ತೇನೆ. ತಲೆಗೆ ಪೆಟ್ಟು ಬಿದ್ದು ತಿಂಗಳುಗಳಾದ ಮೇಲೂ, ವರ್ಷಗಳಾದ ಮೇಲೂ ಹೀಗೆ ಶುರುವಾಗಬಹುದಂತೆ. ಪರೀಕ್ಷೆ ಮಾಡುವ ಆ ಹೊತ್ತಿಗೆ ಏನೂ ನಡೆಯದಿದ್ದರೆ ಇಇಜಿ ಸರಿಯಾಗಿಯೇ ಬರಬಹುದು. ಅಷ್ಟಕ್ಕೇ ಬೇನೆ ಇಲ್ಲ ಅಂತ ಅಲ್ಲ.

ನಾನು ಅಲ್ಲೇ ಅತ್ತುಬಿಟ್ಟೆ. ಬೇನೆ ಬಂತು ಅಂತ ಅಲ್ಲ, ನಾನು ಕೆಟ್ಟವಳಾಗಿಲ್ಲ ಅಂತ ತಿಳಿದು.

ಗುಳಿಗೆ ಶುರುವಾಯಿತು. ಲೆವೆಟಿರಾಸಿಟಾಮ್. ಫಿಟ್ಸ್ ಕಡಿಮೆ ಆಯಿತು, ಸಿಟ್ಟು ಇನ್ನೂ ಏರಿತು. ಮಗಳು ಒಂದು ನೋಟ್‌ಬುಕ್ಕಿನಲ್ಲಿ ಎಲ್ಲ ಬರೆಯುತ್ತಿದ್ದಳು. ಎಷ್ಟು ಹೊತ್ತಿಗೆ ಬಂತು, ಎಷ್ಟು ನಿಮಿಷ, ಹಿಂದಿನ ರಾತ್ರಿ ಅವ್ವ ಎಷ್ಟು ತಾಸು ಮಲಗಿದ್ದಳು. "ಗುಳಿಗೆ ತೊಗೊಂಡ ಮ್ಯಾಲ ಅವ್ವ ಜಾಸ್ತಿ ಬೈತಾಳ" ಅಂತಲೂ ಒಂದು ಸಾಲು ಇತ್ತು. ಅದನ್ನು ಓದಿ ಡಾಕ್ಟರು ಈ ಗುಳಿಗೆ ಕೆಲವರಿಗೆ ಹಾಗೆ ಮಾಡುತ್ತದೆ ಅಂತ ನಿಧಾನವಾಗಿ ಬೇರೆಯದಕ್ಕೆ ಬದಲಿಸಿದರು. ಮದುವೆ ಆರ್ಡರ್ ಇದ್ದು ನಿದ್ದೆಗೆಟ್ಟ ಮರುದಿನವೇ ಫಿಟ್ಸ್ ಜಾಸ್ತಿ ಅನ್ನುವುದೂ ಆ ನೋಟ್‌ಬುಕ್ಕಿನಿಂದಲೇ ಗೊತ್ತಾಯಿತು. ಮಗಳೇ, ನಿನ್ನ ವಯಸ್ಸಿನವರು ಆಟ ಆಡುವಾಗ ನೀನು ಇದನ್ನು ಬರೆದೆ. ಇದು ನನ್ನ ಎದೆಯಲ್ಲಿ ಯಾವಾಗಲೂ ಇರುತ್ತದೆ.

2024ರ ಶಿವರಾತ್ರಿಗೆ ನಾನೇ ತಪ್ಪು ಮಾಡಿದೆ. ಉಪವಾಸ ಅಂತ ಗುಳಿಗೆ ಬಿಟ್ಟೆ, ಜಾಗರಣೆ ಕೂತೆ. ಬೆಳಗಿನ ಜಾವ ಗುಡಿಯಲ್ಲಿ ಬಿದ್ದೆ. ಅದೇ ಕೊನೆ. ಈಗ ಶಿವನಿಗೆ ಸಂಜೆ ಕೈ ಮುಗಿದು, ಗುಳಿಗೆ ನುಂಗಿ, ಹತ್ತಕ್ಕೆ ಮಲಗುತ್ತೇನೆ. ಸರಿಯಾದ ಚಿಕಿತ್ಸೆ ಸಿಕ್ಕರೆ ನೂರರಲ್ಲಿ 70 ಜನರವರೆಗೆ ಫಿಟ್ಸ್ ಇಲ್ಲದೆ ಬದುಕಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾನು ಆ 70ರಲ್ಲಿ ಸೇರಿದೆ. ಮಿದುಳಲ್ಲಿ ಕಲೆ ಇರುವುದರಿಂದ ಗುಳಿಗೆ ನಿಲ್ಲಿಸುವ ಅವಸರ ಬೇಡ ಅಂದಿದ್ದಾರೆ. ನನಗೂ ಅವಸರ ಇಲ್ಲ.

ನಮ್ಮವರ ಬಗ್ಗೆ ಹೇಳಬೇಕು. ಫಿಟ್ಸ್ ಇದ್ದವಳನ್ನು ಬಿಟ್ಟರೆ ಕಾನೂನೂ ಏನೂ ಅನ್ನುವುದಿಲ್ಲ ಅಂತ ಬಂಧುಗಳೊಬ್ಬರು ಅವರಿಗೆ ಹೇಳಿದ್ದರು. ಹಿಂದೂ ವಿವಾಹ ಕಾಯ್ದೆಯಲ್ಲಿ ಮೊದಲು ಮದುವೆಗೆ ಈ ಬೇನೆ ಅಡ್ಡಿ ಅಂತ ಇತ್ತು, ಆ ಮಾತನ್ನು 1999ರಲ್ಲೇ ತೆಗೆದಿದ್ದಾರೆ. ನಮ್ಮವರಿಗೆ ಅದು ಗೊತ್ತಿರಲಿಲ್ಲ. ಅವರು ಅಂದಿದ್ದು ಇಷ್ಟೇ: "ಗಾಡಿ ನಡಸ್ತಿದ್ದಾಂವ ನಾ. ಬಿಡೂದಾದ್ರ ಆಕಿ ನನ್ನ ಬಿಡಬೇಕು." ರೀ, ಅವತ್ತಿನ ಉಬ್ಬು ನಿಮ್ಮ ತಪ್ಪಲ್ಲ. ಇನ್ನಾದರೂ ಅದನ್ನು ಹೊರಬೇಡಿ. ಈಗ ಗಾಡಿಗೆ ಎರಡು ಹೆಲ್ಮೆಟ್ ಇವೆ. ಹಿಂದೆ ಕೂರುವವರಿಗೂ ಕಡ್ಡಾಯ ಅನ್ನುವುದು ಬಹಳ ಹೆಂಗಸರಿಗೆ ಗೊತ್ತೇ ಇಲ್ಲ. ಸೆರಗಿನ ಮೇಲೆ ಹಾಕಿಕೊಂಡರೂ ನಡೆಯುತ್ತದೆ, ಹಾಕಿಕೊಳ್ಳಿ.

ನನ್ನ ಜೊತೆಯ ನಾಲ್ವರಿಗೆ ಏನು ಹೇಳಲಿ. ನನ್ನನ್ನು ಮನೆಗೆ ಕಳಿಸುವುದು ಸುಲಭ ಇತ್ತು. ನೀವು ಒಲೆ ಬಿಡಿಸಿ ತೂಕ, ಕಟ್ಟು, ಲೆಕ್ಕ ಕೊಟ್ಟಿರಿ. ಲೆಕ್ಕ ತಪ್ಪಿದಾಗ ಹತ್ತರ ಹತ್ತರ ಗುಡ್ಡೆ ಮಾಡಿಕೊಟ್ಟಿರಿ. ಪಾಲು ಮಾತ್ರ ಒಂದು ರೂಪಾಯಿಯೂ ಕಡಿಮೆ ಮಾಡಲಿಲ್ಲ. ಹೋದ ತಿಂಗಳು ಡಾಕ್ಟರನ್ನು ಕೇಳಿ ಮತ್ತೆ ಹಂಚಿನ ಮುಂದೆ ಕೂರಿಸಿದಿರಿ, ಪಕ್ಕದಲ್ಲಿ ಅಕ್ಕ. ವಾಸನೆ ಇನ್ನೂ ಬಂದಿಲ್ಲ. ರೊಟ್ಟಿ ತಿರುವುವ ಹೊತ್ತಿಗೆ ಅಕ್ಕ ಹೂಂ ಅನ್ನುತ್ತಾಳೆ, ನಾನು ತಿರುವುತ್ತೇನೆ.

ತಂಗಿ, ನಿನ್ನ ಓಢಣಿ ನನ್ನ ಹತ್ತಿರವೇ ಇದೆ. ನೀಲಿ ಬಣ್ಣ, ಬಿಳಿ ಚುಕ್ಕಿ, ಒಂದು ಅಂಚಿನಲ್ಲಿ ಸಣ್ಣ ಹರಕು. ಆ ಹರಕನ್ನು ಅತ್ತೆ ಹೊಲಿದಿದ್ದಾರೆ. ತೊಳೆದು ಮಡಿಸಿ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಇದನ್ನು ಓದಿದರೆ ಬಂದು ತೊಗೊಂಡು ಹೋಗು. ಊಟಕ್ಕೆ ಕೂತೇ ಹೋಗಬೇಕು. ರೊಟ್ಟಿ ನಾನೇ ಬಡಿಯುತ್ತೇನೆ.