ಮಗಳಿಗೊಂದು ಪತ್ರ: ಅಬೋಕೆ, ಚಿಬೊಕ್ ಮತ್ತು ನಿನ್ನ ಚರ್ಚಾಸ್ಪರ್ಧೆ

ಪ್ರೀತಿಯ ಮಗಳೇ,

ಕ್ರೈಸ್ತ ಮತಾಂಧತೆ ಹೆಚ್ಚೋ ಇಸ್ಲಾಂ ಮತಾಂಧತೆ ಹೆಚ್ಚೋ ಎಂದು ಕಾಲೇಜಿನಲ್ಲಿ ಚರ್ಚೆ ಇಟ್ಟಿದ್ದಾರೆ, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀಯ. ಬೈಬಲಿನ ನಾಲ್ಕು ವಾಕ್ಯ, ಕುರಾನಿನ ನಾಲ್ಕು ವಾಕ್ಯ ಎತ್ತಿ ತೂಗಲು ಹೋಗಬೇಡ. ಹಾಗೆ ತೂಗುವವರು ಮೊದಲೇ ನಂಬಿದ್ದನ್ನೇ ಮತ್ತೊಮ್ಮೆ ಓದಿ ಏಳುತ್ತಾರೆ. ಒಂದು ಕಡೆ ಕ್ರುಸೇಡು, ಇನ್ನೊಂದು ಕಡೆ ಐಸಿಸ್ ಇಡುವುದೂ ಬೇಡ, ನಡುವೆ 900 ವರ್ಷ ಇದೆ. ಒಂದೇ ಖಂಡ, ಹತ್ತಿರ ಹತ್ತಿರದ ಕಾಲ, ಒಂದೇ ಬಗೆಯ ಅಪರಾಧ ತೆಗೆದುಕೊ. ಆಫ್ರಿಕಾದ ಎರಡು ಹೆಣ್ಣುಮಕ್ಕಳ ಹಾಸ್ಟೆಲುಗಳಲ್ಲಿ ಅಂಥ ಎರಡು ರಾತ್ರಿಗಳು ಸಿಗುತ್ತವೆ.

ಮೊದಲನೆಯದು ಉತ್ತರ ಉಗಾಂಡಾದ ಅಬೋಕೆ. ಅಲ್ಲಿನ ಸೇಂಟ್ ಮೇರೀಸ್ ಕಾಲೇಜು ಇಟಲಿಯ ಕೊಂಬೋನಿ ಎಂಬ ಕ್ಯಾಥೊಲಿಕ್ ಸಂಸ್ಥೆಯ ಸನ್ಯಾಸಿನಿಯರು ನಡೆಸುತ್ತಿದ್ದ ವಸತಿಶಾಲೆ. 1996ರ ಅಕ್ಟೋಬರ್ 9ರ ರಾತ್ರಿ ಲಾರ್ಡ್ಸ್ ರೆಸಿಸ್ಟೆನ್ಸ್ ಆರ್ಮಿ, ಎಂದರೆ 'ಪ್ರಭುವಿನ ಪ್ರತಿರೋಧ ಸೇನೆ', ಮಲಗುವ ಕೋಣೆಗಳಿಗೆ ನುಗ್ಗಿ 139 ಹುಡುಗಿಯರನ್ನು ಹಗ್ಗ ಕಟ್ಟಿ ಕಾಡಿಗೆ ನಡೆಸಿಕೊಂಡು ಹೋಯಿತು. ಬೆಳಗಾಗುತ್ತಲೇ ಉಪಮುಖ್ಯೋಪಾಧ್ಯಾಯಿನಿ ಸಿಸ್ಟರ್ ರಾಕೆಲೆ ಫಸ್ಸೇರಾ, ಜಾನ್ ಬಾಸ್ಕೋ ಎಂಬ ಮೇಷ್ಟರೊಬ್ಬರನ್ನು ಜೊತೆ ಮಾಡಿಕೊಂಡು ಬರಿಗೈಯಲ್ಲಿ ಹಿಂದೆ ಬಿದ್ದರು. ಬಂಡುಕೋರರು ಲೂಟಿ ಮಾಡಿ ತಿಂದ ಮಿಠಾಯಿಯ ಕಾಗದ, ಕುಡಿದೆಸೆದ ಸೋಡಾ ಬಾಟಲಿ ದಾರಿಯುದ್ದಕ್ಕೂ ಬಿದ್ದಿದ್ದವು, ಅದೇ ಅವರಿಗೆ ಗುರುತು. ಕೊನೆಗೆ ತಂಡದ ನಾಯಕನ ಮುಂದೆ ಮಂಡಿಯೂರಿ ಬೇಡಿಕೊಂಡರು. ಆತ ಕೋಲಿನಿಂದ ಮಣ್ಣಿನ ಮೇಲೆ ಲೆಕ್ಕ ಬರೆದು ತೋರಿಸಿದ: ಹುಡುಗಿಯರು 139, ನಿನಗೆ 109, ನನಗೆ 30. ಆ ಮೂವತ್ತು ಹುಡುಗಿಯರು ನೋಡುತ್ತಿದ್ದಂತೆಯೇ ಸಿಸ್ಟರ್ ಉಳಿದವರನ್ನು ಕರೆದುಕೊಂಡು ಹಿಂದಿರುಗಬೇಕಾಯಿತು.

ಎರಡನೆಯದು ನೈಜೀರಿಯಾದ ಬೋರ್ನೋ ರಾಜ್ಯದ ಚಿಬೊಕ್, ಇದರ ಹೆಸರು ನೀನು ಕೇಳಿರುತ್ತೀಯ. 2014ರ ಏಪ್ರಿಲ್ 14ರ ರಾತ್ರಿ. ಗಲಭೆಯಿಂದ ಮುಚ್ಚಿದ್ದ ಶಾಲೆಯನ್ನು ಪರೀಕ್ಷೆಗೆಂದು ತೆರೆದಿದ್ದರು. ಸೈನಿಕರ ಸಮವಸ್ತ್ರ ತೊಟ್ಟು ಬಂದ ಬೊಕೊ ಹರಾಮ್ ಎಂಬ ಇಸ್ಲಾಮೀ ಉಗ್ರರ ಗುಂಪಿನವರು 276 ಹುಡುಗಿಯರನ್ನು ಲಾರಿ ಹತ್ತಿಸಿದರು. ಲಾರಿಯಿಂದ ಜಿಗಿದು, ಮರದ ಕೊಂಬೆ ಹಿಡಿದು ನೇತಾಡಿ, 57 ಮಂದಿ ತಪ್ಪಿಸಿಕೊಂಡರು. 2016ರ ಅಕ್ಟೋಬರಿನಲ್ಲಿ 21, 2017ರ ಮೇನಲ್ಲಿ 82 ಹುಡುಗಿಯರು ಬಿಡುಗಡೆಯಾದರು. ಹತ್ತು ವರ್ಷ ತುಂಬಿದಾಗಲೂ 80ಕ್ಕಿಂತ ಹೆಚ್ಚು ಮಂದಿಯ ಸುಳಿವಿರಲಿಲ್ಲ. ಬಂಧನದಲ್ಲಿ ಅವರಿಗೆ ಕುರಾನ್ ಪಾಠಕ್ಕೆಂದು ನೋಟ್‌ಬುಕ್ ಕೊಟ್ಟಿದ್ದರು. ನಯೋಮಿ ಆದಮು ಎಂಬ ಹುಡುಗಿ ಮತ್ತು ಅವಳ ಗೆಳತಿಯರು ಅದೇ ನೋಟ್‌ಬುಕ್ಕಿನಲ್ಲಿ ಕದ್ದುಮುಚ್ಚಿ ದಿನಚರಿ ಬರೆದರು, ಸಿಕ್ಕಿಬೀಳದಂತೆ ನೆಲದಲ್ಲಿ ಹೂತು, ಬಟ್ಟೆಯೊಳಗೆ ಬಚ್ಚಿಟ್ಟು ಕಾಪಾಡಿಕೊಂಡರು.

ಈಗ ನೀನು ಗಮನಿಸಬೇಕಾದ ಮೊದಲ ವಿಷಯ ನಮ್ಮ ಮಾತಿನಲ್ಲೇ ಇದೆ. ಅಬೋಕೆಯ ಗುಂಪಿನ ನಾಯಕ ಜೋಸೆಫ್ ಕೋನಿಯ ಸುದ್ದಿ ಬಂದಾಗ ಜನ 'ಹುಚ್ಚ', 'ಯುದ್ಧಕೋರ' ಎನ್ನುತ್ತಾರೆ. ಚಿಬೊಕ್‌ಗೆ ನುಗ್ಗಿದ ಗುಂಪಿನ ನಾಯಕ ಅಬೂಬಕರ್ ಶೆಕಾವ್ ಸುದ್ದಿಯಾದಾಗ 'ಇಸ್ಲಾಂ' ಎನ್ನುತ್ತಾರೆ. ಕೋನಿ ಹತ್ತು ಆಜ್ಞೆಗಳ ಪ್ರಕಾರ ರಾಜ್ಯ ಕಟ್ಟುತ್ತೇನೆ ಎಂದವನು. ಪವಿತ್ರಾತ್ಮ ತನ್ನ ಮೂಲಕ ಮಾತಾಡುತ್ತದೆ ಎಂದವನು. ಅವನದು ನಿಜವಾದ ಕ್ರೈಸ್ತಧರ್ಮವಲ್ಲ ಎಂದು ಚರ್ಚುಗಳು ಹೇಳುತ್ತವೆ, ಅವರು ಹೇಳುವುದು ಸರಿ. ಶೆಕಾವ್‌ನದು ನಿಜವಾದ ಇಸ್ಲಾಂ ಅಲ್ಲ ಎಂದು ಮೌಲ್ವಿಗಳು ಹೇಳಿದಾಗಲೂ ಅಷ್ಟೇ ಗೌರವದಿಂದ ಕೇಳಿಸಿಕೊಳ್ಳಬೇಕು. ಒಬ್ಬರ ಮಾತು ನಂಬಿ ಇನ್ನೊಬ್ಬರದನ್ನು ನೆಪ ಎಂದರೆ ನಿನ್ನ ಹೋಲಿಕೆ ಅಲ್ಲಿಗೇ ಕೆಟ್ಟಿತು.

ಇವು ಹುಟ್ಟಿದ್ದು ಹೇಗೆ ನೋಡು. 1986ರಲ್ಲಿ ಉಗಾಂಡಾದಲ್ಲಿ ಮುಸೆವೇನಿ ಅಧಿಕಾರ ಹಿಡಿದ ಮೇಲೆ ಉತ್ತರದ ಅಚೋಲಿ ಜನರ ಮೇಲೆ ಸೈನ್ಯದ ದೌರ್ಜನ್ಯ ನಡೆಯಿತು, ದನಕರುಗಳೆಲ್ಲ ಲೂಟಿಯಾಗಿ ಹೋದವು. ಆ ಅವಮಾನದ ನಡುವೆ ಆಲಿಸ್ ಲಕ್ವೇನಾ ಎಂಬಾಕೆ ಮೈಮೇಲೆ ದೈವ ಬರುತ್ತದೆಂದು ಪವಿತ್ರಾತ್ಮ ಚಳವಳಿ ಕಟ್ಟಿದಳು. ಶಿಯಾ ಎಂಬ ಮರದ ಬೀಜದ ಎಣ್ಣೆ ಹಚ್ಚಿಕೊಂಡರೆ ಗುಂಡು ತಾಗುವುದಿಲ್ಲ ಎಂದು ನಂಬಿಸಿದಳು. 1987ರಲ್ಲಿ ಜಿಂಜಾ ಪಟ್ಟಣದ ಹತ್ತಿರ ಆ ಸೇನೆ ಸೋತಿತು, ಉಳಿದ ಚೂರುಗಳಿಂದ ಕೋನಿ ತನ್ನದನ್ನು ಕಟ್ಟಿದ. ಬೋರ್ನೋದ ರಾಜಧಾನಿ ಮೈದುಗುರಿಯಲ್ಲಿ ಮೊಹಮ್ಮದ್ ಯೂಸುಫ್ 2002ರ ಹೊತ್ತಿಗೆ ಬೊಕೊ ಹರಾಮ್ ಕಟ್ಟಿದ್ದು ಭ್ರಷ್ಟ ಆಡಳಿತ, ನಿರುದ್ಯೋಗ ಎರಡನ್ನೂ ಬಳಸಿಕೊಂಡು. 2009ರ ಜೂನ್‌ನಲ್ಲಿ ಶವಯಾತ್ರೆಗೆ ಬೈಕಿನಲ್ಲಿ ಹೊರಟಿದ್ದ ಅವನ ಹಿಂಬಾಲಕರು ಹೆಲ್ಮೆಟ್ ಹಾಕಿರಲಿಲ್ಲ ಎಂಬಲ್ಲಿಂದ ಜಗಳ ಎದ್ದು ಗೋಲಿಬಾರ್ ಆಯಿತು. ಜುಲೈನಲ್ಲಿ ದಂಗೆ. ಸೈನ್ಯ ಯೂಸುಫ್‌ನನ್ನು ಜೀವಂತ ಹಿಡಿದು ಪೊಲೀಸರಿಗೆ ಒಪ್ಪಿಸಿತು, ಪೊಲೀಸರ ವಶದಲ್ಲೇ ಅವನು ಹತನಾದ. ವಿಚಾರಣೆಗೆ ನಿಲ್ಲಬೇಕಾಗಿದ್ದವನು ಹುತಾತ್ಮನಾದ. ಅವನ ನಂತರ ನಾಯಕನಾದ ಶೆಕಾವ್‌ಗೆ ಬೇಕಾಗಿದ್ದೂ ಅದೇ.

ಒಂದು ಮಗುವನ್ನು ಮುರಿಯುವ ವಿಧಾನ ಕೋನಿಯ ಕಡೆ ಬಹಳ ಸ್ಪಷ್ಟವಾಗಿ ದಾಖಲಾಗಿದೆ, ಏಕೆಂದರೆ 20,000ಕ್ಕೂ ಹೆಚ್ಚು ಮಕ್ಕಳು ಆ ಹಾದಿ ನಡೆದಿದ್ದಾರೆ. ಮೊದಲು ಹೊರೆ ಹೊರಿಸಿ ದಿನಗಟ್ಟಲೆ ನಡೆಸುತ್ತಾರೆ. ಊರಿನ ದಾರಿ ಮರೆಯಬೇಕು. ಓಡಲು ಯತ್ನಿಸಿ ಸಿಕ್ಕಿಬಿದ್ದ ಮಗುವನ್ನು ಉಳಿದ ಮಕ್ಕಳ ಕೈಯಲ್ಲೇ ಹೊಡೆಸಿ ಕೊಲ್ಲಿಸುತ್ತಾರೆ. ಇನ್ನು ಮನೆಗೆ ಹೋದರೂ ನನ್ನನ್ನು ಯಾರು ಸೇರಿಸುತ್ತಾರೆ ಎಂಬ ಭಯ ಅಲ್ಲಿಂದ ಶುರು. ಆಮೇಲೆ ಹಣೆಗೆ, ಎದೆಗೆ ಶಿಯಾ ಎಣ್ಣೆಯಲ್ಲಿ ಶಿಲುಬೆಯ ಗುರುತು ಎಳೆಯುತ್ತಾರೆ. ಈ ಎಣ್ಣೆ ಮೈಮೇಲಿದ್ದರೆ ನೀನು ಎಲ್ಲಿ ಅಡಗಿದರೂ ಆತ್ಮ ಹುಡುಕುತ್ತದೆ ಎನ್ನುತ್ತಾರೆ. ಧರ್ಮ ಬರುವುದು ಮೂರನೆಯ ಹೆಜ್ಜೆಯಾಗಿ ಎಂಬುದನ್ನು ಗುರುತು ಮಾಡಿಕೊ. ದೊಡ್ಡ ಹುಡುಗಿಯರನ್ನು ಕಮಾಂಡರುಗಳಿಗೆ 'ಹೆಂಡತಿ' ಎಂದು ಹಂಚುತ್ತಿದ್ದರು, ಚಿಕ್ಕವರನ್ನು 'ಟಿಂಗ್ ಟಿಂಗ್' ಎಂದು ಕರೆದು ಮನೆಗೆಲಸಕ್ಕೆ ಇಡುತ್ತಿದ್ದರು. ಚಿಬೊಕ್‌ನಲ್ಲಿ ಅದನ್ನೇ ಮತಾಂತರ ಮತ್ತು ಮದುವೆ ಎಂದು ಕರೆದರು, ಒಪ್ಪದವರಿಗೆ ಊಟ ಕಡಿಮೆ, ಕೆಲಸ ಹೆಚ್ಚು.

ಯುದ್ಧಕ್ಕೆ ಬೇಕಾದದ್ದನ್ನು ದೇವರ ಬಾಯಿಗೆ ಹಾಕುವುದೂ ಇಬ್ಬರಲ್ಲೂ ಒಂದೇ ಥರ. ಕೋನಿಯ ಪಡೆ ಸೈಕಲ್ ನಿಷೇಧಿಸಿತು, ಸೈಕಲ್ ತುಳಿದವರ ಕಾಲು ಕಡಿಯಿತು. ಬೈಬಲಿನಲ್ಲಿ ಸೈಕಲ್ ಎಲ್ಲಿದೆ? ಸೈಕಲ್ ಇದ್ದವನು ಬೇಗ ಹೋಗಿ ಸೈನ್ಯಕ್ಕೆ ಸುದ್ದಿ ಮುಟ್ಟಿಸುತ್ತಾನೆ, ಕಾರಣ ಅಷ್ಟೇ. ಬೊಕೊ ಹರಾಮ್ 2012ರಲ್ಲಿ ಮೊಬೈಲ್ ಗೋಪುರಗಳನ್ನು ಉರುಳಿಸಿದ್ದೂ ಅದೇ ಕಾರಣಕ್ಕೆ. ಯಾವುದೇ 'ಧರ್ಮಾಜ್ಞೆ' ಕಂಡಾಗ ಅದರಿಂದ ಸುದ್ದಿ, ದುಡ್ಡು, ಹೆಣ್ಣು, ಆಳು, ಇವುಗಳಲ್ಲಿ ಯಾವುದು ಯಾರ ಕೈ ಸೇರುತ್ತದೆ ಎಂದು ಕೇಳು. ಬಹುತೇಕ ಉತ್ತರ ಸಿಗುತ್ತದೆ.

ಇಷ್ಟು ಹೇಳಿ ಎರಡೂ ಒಂದೇ ಎಂದು ಕೂತುಬಿಟ್ಟರೆ ಅದೂ ಸುಳ್ಳಾಗುತ್ತದೆ. ಯೂಸುಫ್ ಅರಬ್ಬಿ ಓದಿಕೊಂಡಿದ್ದವನು, ಮಸೀದಿಯಲ್ಲಿ ಪಾಠ ಹೇಳುತ್ತಿದ್ದವನು. ಅವನ ಭಾಷಣದ ಕ್ಯಾಸೆಟ್ ಮಾರುಕಟ್ಟೆಯಲ್ಲಿ ಸಿಗುತ್ತಿದ್ದವು. ಭೂಮಿ ಗುಂಡಗಿದೆ ಎಂಬುದನ್ನೂ ನೀರು ಆವಿಯಾಗಿ ಮಳೆಯಾಗುತ್ತದೆ ಎಂಬುದನ್ನೂ ಅವನು ಒಪ್ಪುತ್ತಿರಲಿಲ್ಲ, ಆದರೂ ಬಡ ಹುಡುಗರಿಗೆ ಊಟ, ಸಣ್ಣ ಸಾಲ, ಮದುವೆಗೆ ಸಹಾಯ ಅವನ ಬಳಿ ಸಿಗುತ್ತಿತ್ತು. ಹಾಗಾಗಿ ಅವನ ಹತ್ತಿರ ಜನ ತಾವಾಗಿಯೇ ಹೋದರು. ಕೋನಿಯ ಹತ್ತಿರ ಬಹುಪಾಲು ಯಾರೂ ತಾವಾಗಿ ಹೋಗಲಿಲ್ಲ, ಅಪಹರಿಸಿದ ಮಕ್ಕಳೇ ಅವನ ಸೈನ್ಯ. ಕೋನಿಯ ಬೋಧನೆಗೆ ಉಗಾಂಡಾದ ಹೊರಗೆ ಹೇಳಿಕೊಳ್ಳುವಂಥ ಶಿಷ್ಯರಿರಲಿಲ್ಲ. ಬೊಕೊ ಹರಾಮ್ 2015ರ ಮಾರ್ಚ್‌ನಲ್ಲಿ ಐಸಿಸ್‌ಗೆ ನಿಷ್ಠೆ ಘೋಷಿಸಿತು, ಮರುವರ್ಷ ಒಡೆದು ಎರಡಾಯಿತು. 2021ರಲ್ಲಿ ಎದುರು ಬಣದೊಂದಿಗಿನ ಕಾದಾಟದಲ್ಲಿ ಶೆಕಾವ್ ಸತ್ತ ಮೇಲೂ ಹಿಂಸೆ ನಿಲ್ಲಲಿಲ್ಲ. ಪುಸ್ತಕ, ಪಾಠ, ದೇಶ ದಾಟಿದ ಜಾಲ ಇರುವ ಗುಂಪು ನಾಯಕ ಸತ್ತರೂ ಉಳಿಯುತ್ತದೆ. ಕಳೆದ ಕಾಲು ಶತಮಾನದಲ್ಲಿ ಇಂಥ ದೇಶ ದಾಟಿದ ಜಾಲಗಳು ಇಸ್ಲಾಮಿನ ಹೆಸರಿನಲ್ಲೇ ಹೆಚ್ಚು ಬೆಳೆದಿವೆ. ಅದನ್ನು ವೇದಿಕೆಯಲ್ಲಿ ಮುಚ್ಚಿಡಬೇಡ. ಮುಚ್ಚಿಟ್ಟರೆ ಎದುರಾಳಿ ಎತ್ತಿ ತೋರಿಸುತ್ತಾನೆ, ನಿನ್ನ ಉಳಿದ ಮಾತನ್ನೂ ಯಾರೂ ನಂಬುವುದಿಲ್ಲ.

ಅದರ ಜೊತೆಗೇ ಇನ್ನೆರಡು ಸಂಗತಿ ಇಡು. ಬೊಕೊ ಹರಾಮ್ ಕೊಂದವರಲ್ಲಿ ಬಹಳಷ್ಟು ಮಂದಿ ಮುಸ್ಲಿಮರು. 2014ರ ನವೆಂಬರಿನಲ್ಲಿ ಕಾನೋ ನಗರದ ದೊಡ್ಡ ಮಸೀದಿಯಲ್ಲಿ ಶುಕ್ರವಾರದ ನಮಾಜಿಗೆ ಸೇರಿದ್ದವರ ಮೇಲೆ ಬಾಂಬು ಹಾಕಿ ನೂರಕ್ಕೂ ಹೆಚ್ಚು ಜನರನ್ನು ಕೊಂದರು. ಕೋನಿ ಕೊಂದವರಲ್ಲಿ ಬಹುತೇಕರು ಅವನಂತೆಯೇ ಕ್ರೈಸ್ತರು, ಅವರಲ್ಲಿ ಎಷ್ಟೋ ಮಂದಿ ಅವನದೇ ಅಚೋಲಿ ಕುಲದವರು. ಎರಡನೆಯದು, 1994ರಿಂದಾಚೆ ಕೋನಿಗೆ ಬಂದೂಕು ಕೊಟ್ಟು, ನೆಲೆ ಕೊಟ್ಟು ಸಾಕಿದ್ದು ಸುಡಾನಿನ ಖಾರ್ಟೂಮ್‌ನ ಇಸ್ಲಾಮೀ ಸರ್ಕಾರ. ಉಗಾಂಡಾ ದಕ್ಷಿಣ ಸುಡಾನಿನ ಬಂಡುಕೋರರಿಗೆ ನೆರವಾಗುತ್ತಿತ್ತು, ಅದಕ್ಕೆ ಪ್ರತಿಯಾಗಿ ಇದು. ಹತ್ತು ಆಜ್ಞೆಗಳ ಸೇನೆಗೆ ಷರಿಯಾ ಸರ್ಕಾರದ ಗುಂಡು! ಧರ್ಮ ಧರ್ಮಗಳ ಯುದ್ಧ ಎಂದು ಯಾರಾದರೂ ಮಾತು ಶುರು ಮಾಡಿದರೆ ಇದೊಂದನ್ನು ಶಾಂತವಾಗಿ ಹೇಳು.

ಎದುರು ನಿಂತವರು ಯಾರು ಎಂಬುದನ್ನೂ ಬಿಡಬೇಡ. ಯೂಸುಫ್‌ನ ಗುರುವಾಗಿದ್ದ ಷೇಖ್ ಜಾಫರ್ ಮಹಮೂದ್ ಆದಂ ಶಿಷ್ಯನ ದಾರಿ ತಪ್ಪೆಂದು ಬಹಿರಂಗವಾಗಿ ಖಂಡಿಸಿದರು. ಅವರು ಯಾವ ಉದಾರವಾದಿಯೂ ಅಲ್ಲ, ಕಟ್ಟಾ ಸಲಫಿ, ಎಂದರೆ ಆರಂಭಕಾಲದ ಇಸ್ಲಾಮಿನಂತೆಯೇ ನಡೆಯಬೇಕೆನ್ನುವ ಸಂಪ್ರದಾಯಸ್ಥರು. 2007ರ ಏಪ್ರಿಲ್‌ನಲ್ಲಿ ಕಾನೋದ ಮಸೀದಿಯಲ್ಲಿ ಬೆಳಗಿನ ನಮಾಜಿನ ವೇಳೆ ಅವರನ್ನು ಗುಂಡಿಟ್ಟು ಕೊಂದರು. ಧರ್ಮನಿಷ್ಠೆ ಬೇರೆ, ಮತಾಂಧತೆ ಬೇರೆ ಎನ್ನಲು ಇವರಿಗಿಂತ ಗಟ್ಟಿ ಉದಾಹರಣೆ ನಿನಗೆ ಸಿಗುವುದಿಲ್ಲ. ಉತ್ತರ ಉಗಾಂಡಾದಲ್ಲಿ ಅಪಹರಣಕ್ಕೆ ಹೆದರಿ ಹತ್ತಾರು ಸಾವಿರ ಮಕ್ಕಳು ದಿನಾ ಸಂಜೆ ಹಳ್ಳಿಯಿಂದ ಗುಲು ಪಟ್ಟಣಕ್ಕೆ ನಡೆದುಬಂದು ಬಸ್ ನಿಲ್ದಾಣದಲ್ಲಿ, ಅಂಗಡಿ ಜಗಲಿಯಲ್ಲಿ ಮಲಗಿ ಬೆಳಗ್ಗೆ ವಾಪಸ್ ನಡೆಯುತ್ತಿದ್ದರು. 2003ರ ಜೂನ್‌ನಲ್ಲಿ ಕ್ಯಾಥೊಲಿಕ್ ಆರ್ಚ್‌ಬಿಷಪ್ ಜಾನ್ ಬ್ಯಾಪ್ಟಿಸ್ಟ್ ಒಡಾಮಾ ಮತ್ತು ಬೇರೆ ಧರ್ಮಗುರುಗಳು, ಮುಸ್ಲಿಂ ಮುಖಂಡರೂ ಸೇರಿ, ಆ ಮಕ್ಕಳ ಜೊತೆಗೇ ನಾಲ್ಕು ರಾತ್ರಿ ಬೀದಿಯಲ್ಲಿ ಮಲಗಿದರು.

ಒಂದು ಕಷ್ಟದ ಪ್ರಶ್ನೆ ಬಂದೇ ಬರುತ್ತದೆ, ತಯಾರಾಗಿರು. ಕೋನಿಯ ಕಮಾಂಡರ್ ಡೊಮಿನಿಕ್ ಒಂಗ್ವೆನ್‌ನನ್ನು ಎಳೆಯ ಹುಡುಗನಾಗಿದ್ದಾಗ ಶಾಲೆಯ ದಾರಿಯಲ್ಲೇ ಹೊತ್ತೊಯ್ದಿದ್ದರು. ಅವನೇ ಬೆಳೆದು ಹಳ್ಳಿಗಳನ್ನು ಸುಟ್ಟ, ಹುಡುಗಿಯರನ್ನು ಹಂಚಿಕೊಂಡ. 2021ರಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಅವನಿಗೆ 25 ವರ್ಷ ಶಿಕ್ಷೆ ಕೊಟ್ಟಿತು. ಬಾಲ್ಯದಲ್ಲಿ ಅವನ ಮೇಲೆ ನಡೆದದ್ದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಆ ಪ್ರಮಾಣ ಗೊತ್ತುಮಾಡಿತು. ಅಪರಾಧಿಯೂ ಹೌದು, ಬಲಿಯೂ ಹೌದು. ಎರಡನ್ನೂ ಒಟ್ಟಿಗೆ ಹೇಳುವ ಧೈರ್ಯ ಮಾಡು, ಸಮಯ ಕಡಿಮೆ ಎಂದು ಒಂದನ್ನು ಬಿಡಬೇಡ.

ಅಬೋಕೆಯ ಮೂವತ್ತು ಹುಡುಗಿಯರಲ್ಲಿ ಒಬ್ಬಳ ತಾಯಿ ಏಂಜಲೀನಾ ಅಟ್ಯಾಮ್, ವೃತ್ತಿಯಲ್ಲಿ ಸೂಲಗಿತ್ತಿ ನರ್ಸ್. ಉಳಿದ ತಂದೆತಾಯಂದಿರನ್ನು ಸೇರಿಸಿ ಸಂಘ ಕಟ್ಟಿ ದೇಶದೇಶಗಳಲ್ಲಿ ಮಾತಾಡತೊಡಗಿದರು. ಅದು ಬಂಡುಕೋರರಿಗೆ ಚುಚ್ಚಿತು. ನೀನು ಬಾಯಿ ಮುಚ್ಚಿಕೊಂಡರೆ ನಿನ್ನ ಮಗಳನ್ನು ಬಿಡುತ್ತೇವೆ ಎಂದು ಹೇಳಿಕಳಿಸಿದರು. ಎಲ್ಲ ಮಕ್ಕಳನ್ನೂ ಬಿಡಿ, ನನ್ನೊಬ್ಬಳ ಮಗಳು ಬೇಡ ಎಂದು ಆಕೆ ತಿರುಗಿ ಹೇಳಿದರು. ಇದನ್ನು ಬರೆಯುವಾಗ ನನ್ನ ಕೈ ನಿಲ್ಲುತ್ತದೆ ಮಗಳೇ, ಆ ಮಾತು ಹೇಳಲು ನನ್ನಿಂದ ಆಗುತ್ತಿತ್ತೇ ಎಂದು. ಅವರ ಮಗಳು ತಪ್ಪಿಸಿಕೊಂಡು ಬಂದದ್ದು 2004ರಲ್ಲಿ, ಎಂಟು ವರ್ಷ ಆಗುತ್ತ ಬಂದಿತ್ತು. ಹೋದಾಗ ಶಾಲೆಯ ಹುಡುಗಿ, ಬಂದಾಗ ತಾಯಿ.

ನಿನ್ನ ಅಮ್ಮ